ಮೆಟ್ಟಿಲಿಗೆ ಬಂದ ಆಮೆಮರಿಗಳು

ಆಗಸ್ಟ್ ೨೦೦೩

ಭದ್ರಾವತಿಯ ಅತ್ತಿಗೆಗೆ,

"ದೀಪವೊಂದಿದ್ದರೆ ದಾರಿ ತಪ್ಪದು" ಎಂಬ ಸಾಲು ಎಲ್ಲಿ ಓದಿದ್ದೋ, ಅರ್ಧ ಮಾತ್ರ ನೆನಪಿದೆ. ಅದು ನಿಜವೇ ಎಂದು ನಿನ್ನೆ ಅನುಮಾನ ಬಂತು. ಅಮೆರಿಕದ ಈ ದ್ವೀಪದಲ್ಲಿ ತಂಗಿ ತನುಜಾಳ ಮನೆಗೆ ಮುಂದೆ ಸಮುದ್ರ, ಹಿಂದೆ ಗಾಲ್ಫ್ ಬಯಲು. ನವುಲೆಯ ಕಾಲೇಜಿನಲ್ಲಿ ಕೃಷಿ ಓದಿದ ಅವಳ ಗಂಡನಿಗೆ ಇಲ್ಲಿ ಆ ಬಯಲಿನ ಹುಲ್ಲು ಬೆಳೆಸುವುದೇ ಕೆಲಸ!

ನಿನ್ನೆ ಸಂಜೆ ರೂಢಿಯಂತೆ ಹೊಸ್ತಿಲಲ್ಲಿ ಹಣತೆ ಹಚ್ಚಿಟ್ಟೆ. ಸ್ವಲ್ಪ ಹೊತ್ತಿಗೆ ಸುಲಿಯದ ಅಡಿಕೆಯಷ್ಟಿರುವ ಆಮೆಮರಿಗಳು ಮರಳಿನಿಂದೆದ್ದು, ಸಮುದ್ರಕ್ಕೆ ಬೆನ್ನು ಹಾಕಿ ನಮ್ಮ ಮೆಟ್ಟಿಲಿನತ್ತ ತೆವಳಿದವು.

"ಬೆಳಕು ಕಂಡ ಕಡೇನೇ ಸಮುದ್ರ ಅಂದ್ಕೊಳ್ತವೆ ಅಕ್ಕಾ. ದೀಪ ತೆಗಿಯೇ ಮಾರಾಯ್ತಿ, ಸತ್ತೋಗ್ತವೆ!" ಎಂದು ತನುಜಾ ಕೂಗಿದಳು.

ಸಂಜೆಯ ದೀಪ ಊದಲು ಮನಸ್ಸಾಗದೆ, ಕಿಟಕಿಯಿಲ್ಲದ ಬಚ್ಚಲಿಗೆ ಒಯ್ದಿಟ್ಟೆ. ಮರಿಗಳು ನಿಧಾನವಾಗಿ ತಿರುಗಿ ಅಲೆ ಸೇರಿದವು.

ಮಂಡಿನೋವು ಇಳಿದಿದೆ, ಮಾತ್ರೆ ಸಾಕಷ್ಟಿದೆ. ಅಂಚೆಯವನು ಬರುವ ಹೊತ್ತಾಯಿತು.

ನಿಮ್ಮ ಜಗದಾಂಬಾ

ಅಂಚಿನಲ್ಲಿ ಇಷ್ಟು ಜಾಗವಿದೆ: ಸುದ್ದಿ ತಿಳಿದು ಪಕ್ಕದ ಮನೆಯ ಡೋರತಿ ಅಜ್ಜಿ ಬೆಳಿಗ್ಗೆ ಬಾಗಿಲಿಗೆ ಬಂದು ಹೇಳಿದರು, "ದೇವರ ದೀಪ ಬಚ್ಚಲಲ್ಲಿ ಯಾಕಮ್ಮ? ನನ್ನ ಅಡುಗೆಮನೆ ಗಾಲ್ಫ್ ಬಯಲಿನ ಕಡೆಗಿದೆ, ದಿನಾ ಬಂದು ಅಲ್ಲಿ ಹಚ್ಚು. ಆ ಕಡೆ ದಾರಿ ತಪ್ಪೋದು ಚೆಂಡು ಮಾತ್ರ. ಅದು ಹಗಲಲ್ಲೂ ತಪ್ಪುತ್ತೆ."