ನನ್ನ ಹೆಸರಿನ ಹೆಜ್ಜೆಗಳು

ಸೆಪ್ಟೆಂಬರ್ ೧೪, ಭಾನುವಾರ
ಮಧ್ಯಾಹ್ನ

ಪ್ರೀತಿಯ ಚಿಲ್ಲರೆ,

ಅಪ್ಪನ ತುಂಬು ಆಶೀರ್ವಾದ. ನೀನು ಚಿತ್ರ ಬಿಡಿಸಿ ಕಳಿಸಿದ ಕಾರ್ಡು ಕೈ ಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹಾಳೆ ಹರಿದು ಹಾಕಿದೆ. ಇಪ್ಪತ್ತಾರು ವರ್ಷದವಳನ್ನು ಇನ್ನೂ ಚಿಲ್ಲರೆ ಎನ್ನುತ್ತೇನೆಂದೂ ಸಿಟ್ಟಾಗಬೇಡ. ಡ್ಯೂಟಿ ಮುಗಿಸಿ ಬಂದ ಕೂಡಲೇ ನನ್ನ ಕಂಡಕ್ಟರ್ ಚೀಲ ಕಸಿದುಕೊಂಡು ನೆಲದ ಮೇಲೆ ಸುರಿಯುತ್ತಿದ್ದವಳಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ಫೋನು ಬಿಟ್ಟು ಕಾಗದವೇಕೆ ಎಂದು ಕೇಳುತ್ತೀಯ. ಫೋನು ಈಗ ಮನೆಯಲ್ಲಿಲ್ಲ. ಅದು ಎಲ್ಲಿದೆ, ಯಾರ ಹತ್ತಿರ ಇದೆ ಎಂದು ಹೇಳುವುದಕ್ಕೇ ಈ ಪತ್ರ. ನಿನ್ನ ಕಾರ್ಡಿನಲ್ಲಿ ನಾವಿಬ್ಬರೂ ಸ್ಟೇಷನ್ನಿನಿಂದ ಮನೆಗೆ ನಡೆದು ಬರುತ್ತಿದ್ದೇವೆ. ನನಗೆ ನೀನು ಒಂಟೆಯ ಕಾಲು ಬರೆದಿದ್ದೀಯ. 'ಅಕ್ಟೋಬರ್ ಐದಕ್ಕೆ ಬರ್ತೀನಿ, ಆಟೋ ಬೇಡ, ಮೊದಲಿನ ಹಾಗೆ ನಡೆದೇ ಹೋಗೋಣ, ಈಗಂತೂ ನೀನು ನನ್ನನ್ನೇ ಸೋಲಿಸ್ತೀಯ' ಎಂದು ಕೆಳಗೆ ಬರೆದಿದ್ದೀಯ. ಮೂರು ವರ್ಷದ ಮೇಲೆ ನೀನು ಈ ಮನೆಗೆ ಬರುತ್ತಿದ್ದೀಯ. ಕಾರ್ಡು ಓದಿ ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಭಯವೂ ಆಯಿತು. ಏಕೆಂದರೆ, ಮಗಳೇ, ನನ್ನಿಂದ ಸ್ಟೇಷನ್ನಿರಲಿ, ನಮ್ಮ ಬೀದಿಯ ತಿರುವಿನವರೆಗೂ ನಡೆಯಲು ಆಗುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ, ಮಧ್ಯೆ ಓದು ನಿಲ್ಲಿಸಬೇಡ.

ಏಪ್ರಿಲ್‌ನಲ್ಲಿ ನಿನ್ನ ರೂಮಿಗೆ ಬಂದಿದ್ದಾಗ ನೀನು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದೆಯಲ್ಲ, ಹೊಸಬರು ಮೊದಲ ಕ್ರಿಪ್ಟೋ ನಾಣ್ಯ ಗಳಿಸುವುದು ಹೇಗೆ ಎಂದು. ಯಾರೋ ದೂರದವನ ಕಥೆಗೆ ಗೂಬೆಯ ಚಿತ್ರ ಬರೆದುಕೊಟ್ಟು ನೀನು ಗಳಿಸಿದ ಮೊದಲ ಕೂಲಿಯನ್ನು ತೋರಿಸಿದೆ. ಸೊನ್ನೆ, ಚುಕ್ಕೆ, ಮತ್ತೆ ಐದಾರು ಸೊನ್ನೆ, ಕೊನೆಯಲ್ಲಿ ಏನೋ ಒಂದು ಅಂಕಿ. ಕೆಲಸ ಮಾಡಿಕೊಟ್ಟು ಗಳಿಸಬಹುದು, ಪಾಠ ನೋಡಿ ಪ್ರಶ್ನೆಗೆ ಉತ್ತರ ಹೇಳಿದರೂ ಚೂರುಪಾರು ಕೊಡುತ್ತಾರೆ, ಹೆಜ್ಜೆ ಎಣಿಸುವ ಆ್ಯಪ್ ಇಟ್ಟುಕೊಂಡು ನಡೆದರೂ ಕೊಡುತ್ತಾರೆ ಅಂದೆ. ಕೈಯಿಂದ ಒಂದು ಪೈಸೆ ಹಾಕಬಾರದು, ನಾಣ್ಯ ಕೂಡಿಡುವ ವ್ಯಾಲೆಟ್ಟಿನ ಹನ್ನೆರಡು ಪದಗಳ ಕೀಲಿಯನ್ನು ಯಾರಿಗೂ ಹೇಳಬಾರದು, ದುಪ್ಪಟ್ಟು ಮಾಡಿಕೊಡುತ್ತೇನೆ ಎನ್ನುವವನ ನೆರಳೂ ಸೋಕಬಾರದು ಎಂದು ಬೆರಳೆತ್ತಿ ಹೇಳಿದೆ. ಹೇಳುವ ಧಾಟಿ ಥೇಟ್ ನಿನ್ನಮ್ಮನದೇ.

ನಾನು ಊರಿಗೆ ಬಂದು ಮೊದಲು ಪಾಠದ ದಾರಿ ಹಿಡಿದೆ. ಬ್ಲಾಕ್‌ಚೈನ್ ಎಂದರೇನು ಎನ್ನುವ ಪ್ರಶ್ನೆಗೆ ಎರಡು ಸಲ ಫೇಲಾದೆ. ಆಮೇಲೆ ನನಗೇ ಹೊಳೆಯಿತು: ಪ್ರತಿ ಸ್ಟೇಜಿನಲ್ಲೂ ಎಷ್ಟು ಟಿಕೆಟ್ ಹರಿದೆ ಎಂದು ನಾವು ವೇಬಿಲ್ ಬರೆಯುತ್ತೇವಲ್ಲ, ಅದರ ನಕಲು ಡಿಪೋದ ಎಲ್ಲರ ಕೈಯಲ್ಲೂ ಇದ್ದ ಹಾಗೆ. ಒಬ್ಬ ತಿದ್ದಿದರೆ ಉಳಿದವರ ಮುಂದೆ ಸಿಕ್ಕಿಬೀಳುತ್ತಾನೆ. ಇಪ್ಪತ್ತೆರಡು ವರ್ಷ ಕಂಡಕ್ಟರಾಗಿ, ನಾಲ್ಕು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವನಿಗೆ ಇದನ್ನು ಹೀಗೆ ಹೇಳಿದ್ದರೆ ಮೊದಲ ಸಲವೇ ಪಾಸಾಗುತ್ತಿದ್ದೆ.

ಆದರೆ ನೀನು ಒತ್ತಿ ಹೇಳಿದ್ದು ನಡೆಯುವ ದಾರಿಯನ್ನು. ನಾಣ್ಯವೂ ಬರುತ್ತೆ, ಸಕ್ಕರೆಯೂ ಇಳಿಯುತ್ತೆ ಅಂದೆ. ದಿನಕ್ಕೆ ಆರು ಸಾವಿರ ಹೆಜ್ಜೆ. ಅಲ್ಲಿ ನಿನ್ನ ಫೋನಿನಲ್ಲಿ ನನ್ನ ಹೆಜ್ಜೆ ಕಾಣುವ ಹಾಗೆ ಮಾಡಿದೆ. ಮೊದಲ ಎರಡು ತಿಂಗಳು ನಾನೇ ನಡೆದೆ, ಇದು ಆಣೆಯಿಟ್ಟ ಮಾತು. ಒಂದೇ ಒಂದು ಸಲ ಕಳ್ಳಾಟ ಆಡಿದೆ. ಕುಲುಕಾಡುವ ಬಸ್ಸಿನಲ್ಲಿ ನಿಂತರೆ ಸುಲಭವಾಗಿ ಹೆಜ್ಜೆ ಬೀಳುತ್ತದೆಂದು ನನ್ನ ಹಳೆಯ ಡ್ರೈವರನ ಪಕ್ಕ ನಿಂತು ಒಂದು ಟ್ರಿಪ್ ಹೋದೆ. 'ವಾಹನದಲ್ಲಿ ಇದ್ದೀರಿ' ಎಂದು ತೋರಿಸಿ ಆ್ಯಪ್ ಅವತ್ತಿನ ನಾಣ್ಯವನ್ನೆಲ್ಲ ಕಿತ್ತುಕೊಂಡಿತು. ಬಸ್ಸಿನೊಳಗೇ ಜೀವನ ಸವೆಸಿದವನ ನಡಿಗೆ ಅದರ ಲೆಕ್ಕಕ್ಕೇ ಇಲ್ಲವಂತೆ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಜೂನ್ ಕೊನೆಯಲ್ಲಿ ಬಲಗಾಲಿಗೆ ಬೂಟು ಕಚ್ಚಿ ಬೊಬ್ಬೆ ಎದ್ದಿತು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ನೋವು ಗೊತ್ತಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬೊಬ್ಬೆ ಹುಣ್ಣಾಯಿತು. ಹುಣ್ಣು ಮಾಯಲಿಲ್ಲ. ಆ ಕಾಲು ನೆಲಕ್ಕೆ ಊರಲೇಬಾರದು ಎಂದರು. ಆಗಸ್ಟಿನಲ್ಲಿ ಎರಡು ಬೆರಳು ತೆಗೆದರು. ಈಗ ಗಾಯ ಒಣಗುತ್ತಿದೆ, ಹೆದರಬೇಡ. ಜೀವಕ್ಕೆ ಅಪಾಯವಿಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಈ ಮೇಜಿಗೆ ಊರುಗೋಲಿನಲ್ಲಿ ಓಡಾಡುತ್ತೇನೆ. ರಜೆಯಲ್ಲಿದ್ದೇನೆ.

ಹಾಗಾದರೆ ಹನ್ನೊಂದು ವಾರದಿಂದ ನೀನು ನೋಡುತ್ತಿರುವ ಹೆಜ್ಜೆಗಳು ಯಾರವು? ನೀನಾಗಲೇ ಊಹಿಸಿರುತ್ತೀಯ. ಹೌದು, ಅವಳವು. ಮೂರು ವರ್ಷದ ಹಿಂದೆ ನಾನು ಕೈಹಿಡಿದು ಈ ಮನೆಗೆ ಕರೆತಂದವಳವು.

ಕಾಲೂರಬೇಡಿ ಎಂದು ಡಾಕ್ಟರು ಹೇಳಿದ ದಿನ ನನ್ನ ಹೆಜ್ಜೆ ಇನ್ನೂರ ಹನ್ನೆರಡು. ಸಂಜೆಯೇ ನಿನ್ನ ಫೋನು ಬಂತು, ಯಾಕಪ್ಪ, ಹುಷಾರಿಲ್ವಾ ಎಂದು. ಶೀತ ಎಂದುಬಿಟ್ಟೆ. ನಿನ್ನಮ್ಮನ ಕಾಯಿಲೆಯನ್ನೂ ನಿನ್ನಿಂದ ಹೀಗೆಯೇ ಮುಚ್ಚಿಟ್ಟಿದ್ದೆ. ನಿನಗಾಗ ಹದಿನೈದು, ಪರೀಕ್ಷೆ ಹತ್ತಿರವಿತ್ತು. ಕೊನೆಯ ವಾರ ಆಸ್ಪತ್ರೆಗೆ ಬಂದವಳು ನನ್ನ ಮುಖವನ್ನೂ ನೋಡಿರಲಿಲ್ಲ. ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೇ ಮಾಡಿದೆ. ನನಗೆ ಕೆಟ್ಟ ಸುದ್ದಿ ಹೇಳುವ ಧೈರ್ಯ ಯಾವತ್ತೂ ಇರಲಿಲ್ಲ ಕಣಮ್ಮ.

ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ನಿಂತಿದ್ದಳು. ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸ ಅಂತ ನಿನಗೆ ಗೊತ್ತು. ನಾಲ್ಕನೇ ಮಹಡಿ, ದಿನಕ್ಕೆ ಹದಿನಾಲ್ಕು ರೂಮು. ನಾನು ಫೋನನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತ ಕೂತಿದ್ದೆ, ಹೆಜ್ಜೆ ಬೀಳಲಿ ಎಂದು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋನು ಕಿತ್ತುಕೊಂಡಳು.

"ಕೊಡಿ ಇಲ್ಲಿ. ಹೇಗೂ ನಾನು ನಡೀತೀನಲ್ಲ."

ಮೊದಲ ದಿನ ಫೋನನ್ನು ಹಾಸುಹೊದಿಕೆಯ ತಳ್ಳುಗಾಡಿಯಲ್ಲಿ ಇಟ್ಟಿದ್ದಳಂತೆ. ಅವಳು ಗಾಡಿ ನಿಲ್ಲಿಸಿ ರೂಮಿನೊಳಗೆ ಹೋದರೆ ಫೋನು ಹೊರಗೇ ಕೂತು ಆರಾಮ ಮಾಡುತ್ತಿತ್ತು. ಸಂಜೆ ನೋಡಿದರೆ ಎಂಟುನೂರು. ಅವಳಿಗೆ ಉರಿದುಹೋಯಿತು. ಬೆಳಗಿನಿಂದ ನನ್ನ ಕಾಲು ಬಿದ್ದುಹೋಗಿದೆ, ಇದು ಎಂಟುನೂರು ಅನ್ನುತ್ತಲ್ಲ ಎಂದು ಫೋನಿನ ಮೇಲೇ ಹರಿಹಾಯ್ದಳು. ರಾತ್ರಿಯೇ ಕೂತು ಯೂನಿಫಾರ್ಮಿನ ಒಳಗೆ, ಸೊಂಟದ ಹತ್ತಿರ, ಒಂದು ಜೇಬು ಹೊಲಿದುಕೊಂಡಳು. ಅಂದಿನಿಂದ ಲೆಕ್ಕ ಸರಿಯಾಯಿತು. ಆರು ಸಾವಿರಕ್ಕೆ ಕೊರತೆ ಬಿದ್ದ ದಿನ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಮೂರನೇ ಮಹಡಿಯ ಜೊತೆಗಾತಿ ಒಬ್ಬಳು ಇವಳಿಗೆ ಹುಚ್ಚು ಹಿಡಿದಿದೆ ಎಂದು ಎಲ್ಲರಿಗೂ ಸಾರಿದ್ದಾಳೆ. ಇವಳೇನು ಸುಮ್ಮನಿರುವವಳಲ್ಲ, ಅವಳ ಬಾಯಿ ಮುಚ್ಚಿಸಿ ಬಂದಿದ್ದಾಳೆ. ನಿನಗೆ ಗೊತ್ತಿಲ್ಲ, ಮಾತಿನಲ್ಲಿ ಇವಳು ನಿನಗೆ ಏನೂ ಕಡಿಮೆಯಿಲ್ಲ. ನನಗೆ ಸಕ್ಕರೆಯಿಲ್ಲದ ಚಹಾ ಕೊಟ್ಟು, ಮುಖ ಸಿಂಡರಿಸಿದರೆ ಅದಕ್ಕೂ ಒಂದು ಮಾತಿನ ಪೆಟ್ಟು ಕೊಡುತ್ತಾಳೆ.

ಸಂಜೆ ಮನೆಗೆ ಬಂದವಳೇ ಫೋನನ್ನು ಮೇಜಿನ ಮೇಲಿಟ್ಟು, ಕಾಲು ನೀಡಿ ಕೂತು, ಏನಂದ್ಲು ಎಂದು ಕೇಳುತ್ತಾಳೆ. ನೀನು ಕಳಿಸಿದ್ದನ್ನು ನಾನು ಓದಿ ಹೇಳಬೇಕು. ಅವಳಾಗಿ ತೆಗೆದು ನೋಡುವುದಿಲ್ಲ. ಓದಲು ಬಾರದೆ ಅಲ್ಲ, ನಿಮ್ಮ ಮಗಳು ನಿಮಗೆ ಬರೆದಿದ್ದು, ನಾನ್ಯಾಕೆ ನೋಡಲಿ ಎನ್ನುತ್ತಾಳೆ. ನಾನು ಓದುತ್ತೇನೆ: 'ಶಹಬ್ಬಾಸ್ ಅಪ್ಪ, ಇವತ್ತು ಎಂಟು ಸಾವಿರ!' 'ಕಾಲು ನೋಯ್ತಿದ್ರೆ ಬಿಸಿನೀರಲ್ಲಿ ಇಟ್ಕೋ.' ಆ ಮಾತು ಓದಿದ ದಿನ ಅವಳು ಎದ್ದು ಹೋಗಿ ನೀರು ಕಾಯಿಸಿಕೊಂಡಳು. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಮಗು ಹೇಳಿದ್ದು ಸರಿ, ಹಾಯಾಗಿದೆ ಎಂದಳು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ನೀನು ಅವಳನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. ಫೋನಿನಲ್ಲಿ 'ಮನೇಲಿ ಯಾರಾದ್ರೂ ಇದ್ದಾರಾ' ಎಂದು ಕೇಳುತ್ತೀಯ, ಇಲ್ಲ ಎಂದರೆ ಮಾತ್ರ ಮಾತು ಬೆಳೆಸುತ್ತೀಯ. ನಾನು ಅದಕ್ಕೆ ನಿನ್ನನ್ನು ದೂರುವುದಿಲ್ಲ. ಅಮ್ಮ ಹೋದ ಮನೆಗೆ ಬೇರೆಯವರು ಬಂದರೆ ಮಕ್ಕಳಿಗೆ ಸಂಕಟವಾಗುವುದು ನನಗೆ ತಿಳಿಯದ್ದೇನಲ್ಲ. ಇವಳೂ ಒಂದು ದಿನವೂ ನಿನ್ನ ಬಗ್ಗೆ ಗೊಣಗಿದವಳಲ್ಲ. ನಿನ್ನನ್ನು ಮಗು ಎನ್ನುತ್ತಾಳೆ, ಅಷ್ಟೇ.

ಒಂದು ಮಾತು ಮಾತ್ರ ನೀನು ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಬೇಕು. ಮುಚ್ಚಿಟ್ಟವನು ನಾನು. ಅವಳಲ್ಲ. ನಿನಗೆ ಹೇಳಿಬಿಡಿ ಎಂದು ಮೂರು ಸಲ ಜಗಳವಾಡಿದ್ದಾಳೆ. ಬೆರಳು ತೆಗೆಯುವ ಹಿಂದಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಹೇಳ್ಬಿಡಿ ರೀ. ನಾಳೆ ಗೊತ್ತಾದಾಗ ಮಗು ನಿಮ್ಮನ್ನ ಏನೂ ಅನ್ನಲ್ಲ. ನನ್ನನ್ನ ಅಂತಾಳೆ."

ನಾನು ಕೇಳಲಿಲ್ಲ. ನೀನು ಈಗ ಓದುತ್ತಾ ಅವಳನ್ನೇ ಅನ್ನುತ್ತಿದ್ದರೆ, ಅವಳು ಹೇಳಿದ್ದು ನಿಜವಾಯಿತು ಎಂದಾಗುತ್ತದೆ. ಅದಾಗಬಾರದು ಎಂದೇ ನಾಲ್ಕು ಹಾಳೆ ಹರಿದರೂ ಐದನೆಯದನ್ನು ಬರೆಯುತ್ತಿದ್ದೇನೆ.

ಇನ್ನು ಆ ನಾಣ್ಯದ ಸುದ್ದಿ. ಹೋದ ವಾರ ಎಲ್ಲ ಸೇರಿ ವ್ಯಾಲೆಟ್ಟಿಗೆ ಬಂತು. ಐದು ತಿಂಗಳಿನ ನಡಿಗೆಗೆ ಎರಡು ಚಹಾ, ಒಂದು ಪೊಟ್ಟಣ ಬಿಸ್ಕತ್ತು ಬರಬಹುದು. ನಾನು ಇದು ನಿನ್ನದು ಎಂದು ಅವಳಿಗೆ ಹೇಳಿದೆ. ಅವಳು ಯೋಚಿಸಿ, ಹೆಸರು ನಿಮ್ಮದು, ಕಾಲು ನನ್ನದು, ಐಡಿಯಾ ಮಗುವಿನದು, ಮೂರು ಪಾಲು ಮಾಡಿದರೆ ಯಾರಿಗೂ ಬಿಸ್ಕತ್ತೂ ಸಿಗಲ್ಲ, ಇರಲಿ ಬಿಡಿ ಎಂದಳು. ಹೋಟೆಲಿನಲ್ಲಿ ಹದಿನೆಂಟು ವರ್ಷದಿಂದ ನಡೆಯುತ್ತಿದ್ದಾಳೆ. ನಡೆದದ್ದಕ್ಕೆ ಶಹಬ್ಬಾಸ್ ಅಂತ ಒಬ್ಬರು ಹೇಳಿದ್ದು ಇದೇ ಮೊದಲಂತೆ. ಅದನ್ನು ನಗುತ್ತಲೇ ಹೇಳಿದಳು.

ನೀನು ಬಾ. ಸ್ಟೇಷನ್ನಿಗೆ ನಾನು ಬರಲಾಗುವುದಿಲ್ಲ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಬಂದು ಎದುರಿಗೇ ಕೂತು ಬೈಯಿ. ಊಟ ನಿದ್ದೆ ಸರಿಯಾಗಿ ಮಾಡು. ಕತ್ತು ಬಗ್ಗಿಸಿ ಹಗಲೂ ರಾತ್ರಿ ಚಿತ್ರ ಬರೆಯಬೇಡ. ನಿನ್ನ ಕೈಗೆ ಕೆಲಸ, ಕಣ್ಣಿಗೆ ಬೆಳಕು, ಮನಸ್ಸಿಗೆ ನೆಮ್ಮದಿ ಸದಾ ಇರಲಿ.

ನಿನ್ನನ್ನೇ ನೆನೆಯುವ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಿರಲಿಲ್ಲ. ಆಗಸ್ಟ್ ಇಪ್ಪತ್ತೊಂದು ಅವಳ ಹುಟ್ಟುಹಬ್ಬ. ಹಿಂದಿನ ದಿನ ಫೋನಿನಲ್ಲಿ ನಾನು ನಿನಗೆ ಅದನ್ನು ಹೇಳಿದ್ದೆ, ನೀನು ಬೇರೆ ಮಾತು ತೆಗೆದೆ. ನಾನು ಹೇಳಿದ್ದು ಪಕ್ಕದ ಕೋಣೆಯಲ್ಲಿದ್ದ ಅವಳಿಗೆ ಕೇಳಿಸಿತ್ತು. ಮಾರನೆಯ ದಿನ ಹನ್ನೊಂದು ಗಂಟೆಗೆ ನಿನ್ನ ಮೆಸೇಜು ಬಂದಿದೆ: 'ಅಪ್ಪ, ವಾಕಿಂಗ್‌ಗೆ ಒಬ್ಬನೇ ಹೋಗು. ಅವರನ್ನ ಕರ್ಕೊಂಡು ಹೋಗ್ಬೇಡ. ಈ ಹೆಜ್ಜೆಗಳು ನಮ್ಮಿಬ್ಬರದು ಮಾತ್ರ.' ಸಂಜೆ ಫೋನು ನನ್ನ ಕೈಗೆ ಬಂದಾಗ ಆ ಮೆಸೇಜನ್ನು ಆಗಲೇ ತೆರೆದು ಓದಿಯಾಗಿತ್ತು. ಅದೊಂದು ದಿನ ಮಾತ್ರ ಅವಳು ತೆಗೆದು ನೋಡಿದ್ದಳು. ಏನು ಬಂದಿರಬಹುದು ಎಂದುಕೊಂಡು ನೋಡಿದಳೋ ನೀನೇ ಯೋಚಿಸು. ಹನ್ನೊಂದು ಗಂಟೆಗೆ ಮೂರು ಸಾವಿರವಿದ್ದ ಹೆಜ್ಜೆ ಸಂಜೆಗೆ ಹದಿನಾಲ್ಕು ಸಾವಿರ ದಾಟಿತ್ತು. ನಿನ್ನ ಕಾರ್ಡು ಬಂದ ಮೇಲೆ ನನಗೊಂದು ಕೆಲಸ ಹೇಳಿದ್ದಾಳೆ. ನೀನು ಬರುವ ಐದನೇ ತಾರೀಕು ಬೆಳಿಗ್ಗೆ ಅವಳು ತನ್ನ ಅಕ್ಕನ ಊರಿಗೆ ಹೊರಡುತ್ತಾಳಂತೆ, ನೀನು ವಾಪಸು ಹೋದ ಮೇಲೆ ಬರುತ್ತಾಳಂತೆ. ನಿಲ್ದಾಣದ ಹುಡುಗರಿಗೆ ಹೇಳಿ ಒಂದು ಸೀಟು ಹಿಡಿಸಿ ಎಂದು ನನ್ನನ್ನೇ ಕೇಳಿದ್ದಾಳೆ. ನಾನಿನ್ನೂ ಹಿಡಿಸಿಲ್ಲ.