ಬಿದ್ದದ್ದಲ್ಲ

ಮಗಳೇ,

ನೀನು ಬಿಟ್ಟುಹೋದ ಮುದಿ ಬೆಕ್ಕು ಬದುಕಿದೆ, ಮೊದಲು ಅದನ್ನು ತಿಳಿದುಕೋ.

ಒಂದು ತಿಂಗಳಿಂದ ಬೆನ್ನು ಮುಟ್ಟಿದರೆ ಸಾಕು, ಚರ್ಮ ಅದುರಿಸಿ ಗುರ್ ಎನ್ನುತ್ತಿತ್ತು. ವಯಸ್ಸಾದ ಮೇಲೆ ಸೊಕ್ಕು ಬಂದಿದೆ ಅಂದುಕೊಂಡೆ. ಭಾನುವಾರ ನಮ್ಮ ಕ್ಷೌರದಂಗಡಿಯ ಬಾಚಣಿಗೆ ತಂದು ಅದರ ಕೂದಲ ಗಂಟು ಬಿಡಿಸಲು ಕೂತೆ. ಹೆಬ್ಬೆರಳನ್ನು ಮೂಳೆಗೆ ತಾಗುವಂತೆ ಕಚ್ಚಿತು. ಸಿಟ್ಟು ನೆತ್ತಿಗೇರಿ, ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದೆ. ಅದು ಏಳುವ ಮೊದಲೇ ಒದ್ದೆ ಕೂಡ.

ಪಶುವೈದ್ಯೆ ಎಕ್ಸ್‌ರೇಯನ್ನೂ ನನ್ನ ಬೆರಳಿನ ಕಟ್ಟನ್ನೂ ನೋಡಿದರು. "ಬೆನ್ನುಮೂಳೆ ಸವೆದು ತುಂಬಾ ದಿನ ಆಗಿದೆ. ಪಾಪ, ನೋವು ತಡೀಲಾರದೆ ಕಚ್ಚಿದೆ ಕಣ್ರೀ. ಈ ಎರಡು ಪಕ್ಕೆಲುಬು ಮಾತ್ರ ಈಗ ಮುರಿದಿರೋದು. ಎಲ್ಲಿಂದ ಬಿತ್ತು?"

"ಬಿದ್ದಿಲ್ಲ ಡಾಕ್ಟ್ರೇ, ನಾನೇ ಹೊಡೆದೆ" ಅಂದೆ.

ನಿನ್ನ ಕೈ ಮುರಿದ ದಿನ ಆಸ್ಪತ್ರೆಯಲ್ಲಿ, ಮೆಟ್ಟಿಲಿಂದ ಬಿದ್ದಳು ಅಂದಿದ್ದೆ. ನೀನೂ ಹೂಂ ಅಂದಿದ್ದೆ.

ಬೆಕ್ಕು ನನ್ನ ಕೈಯಿಂದ ಮಾತ್ರೆ ತಿನ್ನುವುದಿಲ್ಲ. ನಾನು ಒಳಗೆ ಬಂದರೆ ಮಂಚದಡಿ ಸೇರುತ್ತದೆ. ಬಂದು ಕರೆದುಕೊಂಡು ಹೋಗು. ಎತ್ತುವಾಗ ಬೆನ್ನು ಮುಟ್ಟಬೇಡ, ಬುಟ್ಟಿಗೆ ಮೆತ್ತನೆಯ ಬಟ್ಟೆ ಹಾಕು, ಅದೇ ಹತ್ತಿ ಕೂರಲಿ.

ಬೀಗದ ಕೈ ಪಕ್ಕದ ಮನೆ ಅತ್ತೆಯ ಹತ್ತಿರ ಇದೆ. ನೀನು ಬೆಕ್ಕನ್ನು ಕರೆದುಕೊಂಡು ಹೊರಟೆ ಎಂದು ಅವರು ಹೇಳಿಕಳಿಸುವವರೆಗೆ ನಾನು ಅಂಗಡಿ ಬಿಟ್ಟು ಬರುವುದಿಲ್ಲ.

ನಿನ್ನ ಅಪ್ಪ