ಹೇಳಿ ಮುಗಿಯದ ಸಾಕ್ಷಿ

ಕೆ.ಆರ್. ಪುರ, ಬೆಂಗಳೂರು
ಭಾನುವಾರ, ೧೦ ನವೆಂಬರ್ ೨೦೨೪

ಪ್ರೀತಿಯ ತಮ್ಮ ಜಯಂತನಿಗೆ,

ಅಕ್ಕ ಸುಗುಣಳ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬೈಯಪ್ಪನಹಳ್ಳಿಯ ಆ ರೂಮಿನಲ್ಲಿ ಒಂದು ಒಲೆ ಹಚ್ಚಲಾದರೂ ಜಾಗವಿದೆಯೋ, ಇಲ್ಲ ದಿನವೂ ಹೋಟೆಲಿನ ಅನ್ನವೋ? ಹೋಟೆಲಿನವರು ಅನ್ನಕ್ಕೆ ಸೋಡಾ ಹಾಕುತ್ತಾರೆ, ನಿನ್ನ ಹೊಟ್ಟೆಗೆ ಅದು ಆಗಿಬರುವುದಿಲ್ಲ. ಚಳಿ ಶುರುವಾಗಿದೆ, ನೀನು ಕಂಬಳಿಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೋ. ನಿನ್ನ ಭಾವನವರಿಗೆ ಮೊಣಕಾಲು ನೋವು ಹಾಗೇ ಇದೆ. ವಿಭಾಳ ಮದುವೆ ಜನವರಿಗೆ ನಿಶ್ಚಯವಾಯಿತು. ನನ್ನ ಮಗಳು ಮದುವೆ ಹುಡುಗಿಯ ಹಾಗೆ ಕಾಣುತ್ತಿಲ್ಲ, ಊಟದ ಹೊತ್ತಿನಲ್ಲಿ ಯಾರೋ ಬರಬೇಕಿದೆ ಎನ್ನುವ ಹಾಗೆ ಬಾಗಿಲ ಕಡೆ ನೋಡುತ್ತಾಳೆ. ಬಾಯಿಬಿಟ್ಟು ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಒಂದೆರಡು ಮಾತು ಬೈದು ನಾನೂ ಹಗುರವಾಗುತ್ತಿದ್ದೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ನೋಡಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಶಿವಾಜಿನಗರಕ್ಕೆ ಹೋಗಿ ನಿನ್ನ ಯಜಮಾನರಾದ ಇನಾಯತ್ ಉಲ್ಲಾ ಸಾಹೇಬರ ಗ್ಯಾರೇಜಿನಲ್ಲಿ ಕೊಟ್ಟು ಬರುತ್ತೇನೆ. ಇಲ್ಲಿಂದ ನಿನ್ನ ರೂಮಿಗೆ ಮೆಟ್ರೋದಲ್ಲಿ ಹೊರಟರೆ ಕೂತ ಸೀಟು ಬಿಸಿಯಾಗುವುದರೊಳಗೆ ಇಳಿಯಬೇಕು. ಅಷ್ಟು ಹತ್ತಿರ ಇರುವವನಿಗೆ ಕಾಗದ ಬರೆಯುತ್ತಿದ್ದೇನಲ್ಲ ಎಂದು ನನಗೇ ನಾಚಿಕೆಯಾಗುತ್ತಿದೆ. ಆದರೆ ಎದುರಿಗೆ ನಿಂತರೆ ನನ್ನ ಬಾಯಿಂದ ಬರುವುದು ಬುದ್ಧಿಮಾತೇ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ಬರುವ ತಿಂಗಳು ನಮ್ಮ ಸಂಡೇ ಸ್ಕೂಲ್ ಮಕ್ಕಳ ಕಾರ್ಯಕ್ರಮ. ನಾಟಕ ಆಡಿಸುವವಳು ಎಂದಿನಂತೆ ನಾನೇ, ಆಡಿಸುವ ನಾಟಕವೂ ಅದೇ, ತಪ್ಪಿಹೋದ ಮಗನ ಸಾಮ್ಯ. ಯೇಸುಸ್ವಾಮಿ ಹೇಳಿದ ಆ ಕಥೆಯನ್ನು ನಿನಗೆ ಕಲಿಸಿದವಳೂ ನಾನೇ. ಅಪ್ಪ ಬದುಕಿರುವಾಗಲೇ ತನ್ನ ಪಾಲು ಕೇಳಿ ಪಡೆದ ಕಿರಿಯ ಮಗ, ದೂರದೇಶದಲ್ಲಿ ಎಲ್ಲವನ್ನೂ ಹಾಳುಮಾಡಿ, ಹಂದಿ ಮೇಯಿಸುವ ಗತಿಗೆ ಬಂದು, ಹೊಟ್ಟೆಗಿಲ್ಲದೆ ಮನೆಗೆ ಮರಳುತ್ತಾನೆ. ಚಿಕ್ಕವನಿದ್ದಾಗ ನಿನಗೆ ಹಂದಿಯ ಪಾತ್ರ ಕೊಟ್ಟಿದ್ದೆ. ನೀನು ವೇದಿಕೆಯ ಮೇಲೆ ನಿಜವಾಗಿಯೂ ಬಾಳೆಹಣ್ಣಿನ ಸಿಪ್ಪೆ ತಿಂದುಬಿಟ್ಟೆ, ಇಡೀ ಸಭೆ ನಕ್ಕಿತು, ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಈ ಸಲ ಅಪ್ಪನ ಪಾತ್ರಕ್ಕೆ ಗಂಡುಮಕ್ಕಳು ಯಾರೂ ಸಿಗದೆ ಹಿಂದಿನ ಬೀದಿಯ ಸೌಂದರ್ಯಾಳಿಗೆ ಹತ್ತಿಯ ಗಡ್ಡ ಅಂಟಿಸಿ ನಿಲ್ಲಿಸಿದ್ದೆ. ನನ್ನ ನಾಟಕದಲ್ಲಿ ಮಗ ಬಂದು ಅಪ್ಪನ ಕಾಲ ಬಳಿ ಮೊಣಕಾಲೂರಿ, ನಾನು ಪಾಪ ಮಾಡಿದ್ದೇನೆ, ನಿನ್ನ ಮಗ ಎನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ನನ್ನನ್ನು ಮನೆಯ ಕೂಲಿಯಾಳಾಗಿ ಇಟ್ಟುಕೋ ಎಂದು ಮೂರೂ ಮಾತುಗಳನ್ನು ತಪ್ಪಿಲ್ಲದೆ ಹೇಳಬೇಕು. ಅಪ್ಪ ಕೈಕಟ್ಟಿ ನಿಂತು ಕೇಳಬೇಕು. ಆಮೇಲೆ ಅಪ್ಪಿಕೊಳ್ಳಬೇಕು. ನಿನ್ನೆ ಅಭ್ಯಾಸದಲ್ಲಿ ಮಗನಾದ ಹುಡುಗ ದೂರದಲ್ಲಿ ಕಾಣಿಸಿದನೋ ಇಲ್ಲವೋ, ಸೌಂದರ್ಯಾ ಓಡಿಹೋಗಿ ಅವನನ್ನು ತಬ್ಬಿಕೊಂಡಳು. ಗಡ್ಡ ಅವನ ಅಂಗಿಗೆ ಅಂಟಿಕೊಂಡಿತು. ಅವನು ಎರಡು ಮಾತು ತಡವರಿಸಿದ, ಮೂರನೆಯದು ನುಂಗಿಹೋಯಿತು. ನಾನು ಗದರಿದೆ. ಅವನು ಪೂರ್ತಿ ಹೇಳುವ ಮೊದಲೇ ಯಾಕೆ ಹೋದೆ ಎಂದು ಕೇಳಿದರೆ, "ಅವ್ನು ಅಳ್ತಾ ಬರ್ತಿದ್ದ ಆಂಟಿ, ಅದಕ್ಕೇ ಹೋಗ್ಬಿಟ್ಟೆ" ಎಂದಳು.

ಬರೆದಿರುವ ಹಾಗೆ ಆಡಬೇಕು ಎಂದು ತೋರಿಸಲು ಸತ್ಯವೇದ ತೆರೆದೆ. ಮಕ್ಕಳಿಗೆ ಗಟ್ಟಿಯಾಗಿ ಓದಲು ಶುರುಮಾಡಿದವಳು ನಡುವೆಯೇ ನಿಂತುಬಿಟ್ಟೆ. ಹಂದಿಗಳ ನಡುವೆ ಕೂತು ಮಗ ಮನಸ್ಸಿನಲ್ಲಿ ಜೋಡಿಸಿಕೊಂಡದ್ದು ಮೂರು ಮಾತು ನಿಜ. ಆದರೆ ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಹೋಗಿ ಅಪ್ಪಿಕೊಂಡಾಗಿದೆ. ಆ ಅಪ್ಪುಗೆಯೊಳಗೇ ಮಗ ಎರಡು ಮಾತು ಹೇಳುತ್ತಾನೆ. ಕೂಲಿಯಾಳಾಗಿ ಇಟ್ಟುಕೋ ಎನ್ನುವ ಮೂರನೆಯ ಮಾತು ಮನೆಯ ಮುಂದೆ ಇಲ್ಲವೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಒಳ್ಳೆಯ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಕೆರ ಕೊಡಿ ಎನ್ನುತ್ತಿದ್ದಾನೆ. ಮಗುವಿಗೆ ಉದ್ದದ ಮಾತು ಸಿಗಲಿ ಎಂದು ಆ ಮೂರನೆಯದನ್ನು ಸೇರಿಸಿದವಳು ನಾನು. ಅಪ್ಪನನ್ನು ಕೈಕಟ್ಟಿ ನಿಲ್ಲಿಸಿದವಳೂ ನಾನು. ಇಷ್ಟು ವರ್ಷ ಸಭೆಯ ಮಕ್ಕಳಿಗೆಲ್ಲ ಈ ಕಥೆಯನ್ನು ತಪ್ಪಾಗಿ ಬಾಯಿಪಾಠ ಮಾಡಿಸಿದ್ದೇನೆ, ನಮ್ಮ ಪಾದ್ರಿ ಅಯ್ಯನವರೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಾರೆ. ಮಕ್ಕಳನ್ನು ಬೇಗ ಮನೆಗೆ ಕಳಿಸಿ ಖಾಲಿ ಬೆಂಚಿನ ಮೇಲೆ ಕೂತೆ. ಆಗ ನೆನಪಾದದ್ದು ನಾಟಕವಲ್ಲ, ನೀನು.

ನೀನು ಕುಡಿತಕ್ಕೆ ಬಿದ್ದು ಮನೆಬಿಟ್ಟು ಹೋದಮೇಲೆ ಅಮ್ಮ ಸಂಜೆಯಾದರೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಟಿನ್ ಫ್ಯಾಕ್ಟರಿ ಸ್ಟಾಪಿನ ಕಡೆ ಮುಖಮಾಡಿ ಕೂರುತ್ತಿದ್ದಳು. ಸೊಳ್ಳೆ ಕಚ್ಚುತ್ತದೆ, ಒಳಗೆ ಬಾ ಎಂದು ನಾನು ರೇಗುತ್ತಿದ್ದೆ. ಆಸ್ಪತ್ರೆಯಲ್ಲಿ ಮಲಗಿದಾಗಲೂ ನಿನ್ನ ಹೆಸರೇ. ನಾನು ಬೆನ್ನು ಒರೆಸುತ್ತಿದ್ದರೆ ಅವಳು ಜಯಂತ ಊಟ ಮಾಡಿದನೋ ಇಲ್ಲವೋ ಎನ್ನುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು ಕಣೋ, ಸುಳ್ಳು ಯಾಕೆ ಹೇಳಲಿ. ನೀನು ಬಂದದ್ದು ಅವಳನ್ನು ಮಣ್ಣು ಮಾಡಿದ ಮೇಲೆ. ಅವಳು ಇದ್ದಿದ್ದರೆ ಓಡುತ್ತಿದ್ದಳು, ಆ ಊದಿದ ಕಾಲಿನಲ್ಲೇ ಓಡುತ್ತಿದ್ದಳು. ಬಾಗಿಲು ತೆಗೆದವಳು ನಾನು.

ಆ ಸಾಮ್ಯದಲ್ಲಿ ಹಿರಿಯ ಮಗನೊಬ್ಬ ಇದ್ದಾನಲ್ಲ, ಹೊಲದಿಂದ ಬಂದವನು ತಮ್ಮನಿಗೆ ಔತಣ ಮಾಡಿದರೆಂದು ಮುನಿಸಿಕೊಂಡು ಹೊರಗೇ ನಿಲ್ಲುವವನು. ಅಪ್ಪ ಸತ್ತುಹೋಗಿ ಅವನೇ ಬಾಗಿಲು ತೆಗೆದಿದ್ದರೆ ಏನಾಗುತ್ತಿತ್ತು ಎಂದು ನಿನ್ನೆ ಯೋಚಿಸಿದೆ. ತಮ್ಮನನ್ನು ಓಡಿಸುತ್ತಿರಲಿಲ್ಲ, ಅಂಥ ಕೆಟ್ಟವನೇನೂ ಅಲ್ಲ. ಒಳಗೆ ಕರೆಯುತ್ತಿದ್ದ, ಊಟ ಹಾಕುತ್ತಿದ್ದ, ಕೆಲಸ ಕೊಡುತ್ತಿದ್ದ, ಮತ್ತು ಬಂದವರಿಗೆಲ್ಲ ಇವನನ್ನು ನಾನು ಸೇರಿಸಿಕೊಂಡೆ ಎಂದು ಹೇಳುತ್ತಿದ್ದ. ನಮ್ಮ ಮನೆಯಲ್ಲಿ ನಡೆದದ್ದು ಅದೇ.

ನೀನು ಆ ಮೂರನೆಯ ಮಾತನ್ನು ಬಾಯಿಬಿಟ್ಟು ಹೇಳಲೇ ಇಲ್ಲ, ಅದರಂತೆ ಬದುಕಲು ಶುರುಮಾಡಿದೆ. ಅಮ್ಮನ ಕೋಣೆ ಖಾಲಿ ಇದ್ದರೂ ಹಾಲಿನಲ್ಲಿ ಚಾಪೆ ಹಾಸಿಕೊಂಡೆ. ಗ್ಯಾರೇಜಿನಿಂದ ದಣಿದು ಬಂದರೂ ಭಾವನ ಸ್ಕೂಟರ್ ಒರೆಸಿದೆ, ಪಾತ್ರೆ ತೊಳೆದೆ, ಎಲ್ಲರದ್ದೂ ಆದಮೇಲೆ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಉಂಡೆ. ಎಂಥ ದೀನಮನಸ್ಸು ಎಂದು ನಾನು ಸಭೆಯ ಹೆಂಗಸರ ಹತ್ತಿರ ಹೊಗಳಿದೆ. ಮೇಜಿನ ಬಳಿ ಬಂದು ಕೂರು ಎಂದು ಒಮ್ಮೆಯಾದರೂ ಕೈಹಿಡಿದು ಎಳೆಯಲಿಲ್ಲ. ನನಗೆ ಅದು ಅನುಕೂಲವಾಗಿತ್ತು. ಪಕ್ಕದ ಮನೆಯ ಆಂಜನಮ್ಮ ಒಂದು ಸಲ, ನಿಮ್ಮ ಮನೆಯಲ್ಲಿ ಕೆಲಸಕ್ಕಿರುವವರನ್ನು ಸ್ವಲ್ಪ ಕಳಿಸಿ, ನೀರಿನ ಟ್ಯಾಂಕ್ ತೊಳೆಸಬೇಕು ಎಂದರು. ನೀನು ಹಿಂದೆಯೇ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅವನು ನನ್ನ ತಮ್ಮ ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ನಾನು ನಕ್ಕು ಸುಮ್ಮನಾದೆ. ನೀನು ಎದ್ದುಹೋಗಿ ಅವರ ಟ್ಯಾಂಕ್ ತೊಳೆದು ಬಂದೆ.

ಇನ್ನು ಸಾಕ್ಷಿಯ ವಿಷಯ. ಮನೆ ಪ್ರಾರ್ಥನೆಗಳಲ್ಲಿ ಒಬ್ಬರು ಎದ್ದುನಿಂತು ತಾನು ಹಿಂದೆ ಹೇಗಿದ್ದೆ, ದೇವರು ಹೇಗೆ ಬದಲಾಯಿಸಿದನು ಎಂದು ಹೇಳುವುದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿಯೇ. ನೀನು ಬಂದ ಹೊಸದರಲ್ಲಿ ನಿನ್ನಷ್ಟಕ್ಕೆ ನೀನೇ ಎದ್ದು ಹೇಳಿದ ದಿನ ಎಲ್ಲರ ಕಣ್ಣೂ ಒದ್ದೆಯಾಗಿತ್ತು. ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಯಾರ ಮನೆಯಲ್ಲಿ ಕೂಟವಿದ್ದರೂ, ಗೃಹಪ್ರವೇಶವಿರಲಿ, ಮಗುವಿನ ನಾಮಕರಣವಿರಲಿ, ಜಯಂತ, ನಿನ್ನ ಸಾಕ್ಷಿ ಹೇಳಪ್ಪ ಎನ್ನುತ್ತಿದ್ದೆ. ಹೇಳುವಾಗ ನೀನೇನಾದರೂ ಬಿಟ್ಟರೆ ಹಿಂದಿನಿಂದ ನೆನಪಿಸುತ್ತಿದ್ದೆ, ಅಮ್ಮ ಆಸ್ಪತ್ರೆಯಲ್ಲಿದ್ದದ್ದು ಬಿಟ್ಟೆಯಲ್ಲ ಎಂದು. ಕೇಳಿದವರು ನನ್ನ ಕೈಹಿಡಿದು, ನೀವು ಎಷ್ಟು ಸಹಿಸಿದ್ದೀರಿ ಎನ್ನುತ್ತಿದ್ದರು. ಆ ಮಾತು ನನಗೆ ಸಿಹಿಯಾಗಿತ್ತು. ದೇವರ ಮಹಿಮೆಗೆ ಎಂದುಕೊಂಡೇ ನಿನ್ನ ತಪ್ಪಿನಿಂದ ನನ್ನ ಒಳ್ಳೆಯತನಕ್ಕೆ ದೀಪ ಹಚ್ಚಿಕೊಳ್ಳುತ್ತಿದ್ದೆ.

ವಿಭಾಳ ಗಂಡಿನ ಕಡೆಯವರು ಹಲಸೂರಿನಿಂದ ಬಂದ ಸಂಜೆ ನಾನು ನಿನ್ನನ್ನು ಸಾಕ್ಷಿ ಹೇಳಲು ಎಬ್ಬಿಸಿದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ನಾಳೆ ಬೇರೆ ಯಾರದೋ ಬಾಯಿಂದ ಹುಡುಗಿಯ ಸೋದರಮಾವ ಕುಡುಕನಾಗಿದ್ದ ಎಂದು ಅವರ ಕಿವಿಗೆ ಬೀಳುವುದಕ್ಕಿಂತ, ಇಂದೇ ಸಾಕ್ಷಿಯ ರೂಪದಲ್ಲಿ ಬಿದ್ದರೆ ಗೌರವ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ನೀನು ಹೊಸ ಅಂಗಿ ಹಾಕಿಕೊಂಡಿದ್ದೆ, ವಿಭಾ ಕೊಡಿಸಿದ್ದು. ಮೊದಲ ಬಾರಿಗೆ ಕುರ್ಚಿಯ ಮೇಲೆ, ಹುಡುಗನ ತಂದೆಯ ಪಕ್ಕದಲ್ಲಿ ಕೂತು ಗಾಡಿ ಇಂಜಿನ್ನಿನ ಬಗ್ಗೆ ಏನೋ ಮಾತಾಡುತ್ತಿದ್ದೆ. ಆಗಲೇ ನಾನು ಕರೆದೆ. ನೀನು ಎದ್ದೆ, ಒಂದು ಕಾಲದಲ್ಲಿ ನಾನು ಎಂದು ಶುರುಮಾಡಿ ನಿಲ್ಲಿಸಿದೆ. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದೆ, "ಅಕ್ಕಾ, ಇದನ್ನ ಎಷ್ಟು ಸಲ ಹೇಳಿದ್ರೆ ಮುಗಿಯುತ್ತೆ?"

ನಾನು ಒಂದು ಹಾಡು ಶುರುಮಾಡಿ ಮುಚ್ಚಿಹಾಕಿದೆ. ನೀನು ಒಳಗೆ ಹೋಗಿ ಎಲ್ಲರಿಗೂ ಬಡಿಸಿದೆ, ಪಾತ್ರೆ ತೊಳೆದೆ, ಬೆಳಗ್ಗೆ ನಾನು ಎದ್ದಾಗ ಚಾಪೆ ಸುತ್ತಿಟ್ಟಿತ್ತು, ನೀನು ಹೊರಟುಹೋಗಿದ್ದೆ. ಸೊಕ್ಕು, ಇಷ್ಟು ಮಾಡಿದ್ದಕ್ಕೆ ಇದು ಬಹುಮಾನ ಎಂದು ನಾನು ವಾರಗಟ್ಟಲೆ ಗೊಣಗಿದೆ. ನಿನ್ನ ಭಾವನವರು ಮಾತ್ರ, "ಅವನು ಈ ಮನೇಲಿ ನೆಂಟನೂ ಆಗ್ಲಿಲ್ಲ, ಮಗನೂ ಆಗ್ಲಿಲ್ಲ ಕಣೇ" ಎಂದು ಪೇಪರ್ ಮಡಿಸಿಟ್ಟು ಹೊರಗೆ ಹೋದರು. ಅವರು ಅಷ್ಟು ಮಾತಾಡುವವರೇ ಅಲ್ಲ.

ಕೃಪೆ ಎಂದರೆ ಯೋಗ್ಯತೆಯಿಲ್ಲದವರಿಗೆ ದೇವರು ಕೊಡುವ ದಯೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಡುತ್ತೇನೆ. ಯೋಗ್ಯತೆಯಿಲ್ಲದವರು ಎಂದು ಬರೆಯುವಾಗಲೆಲ್ಲ ನನ್ನ ತಲೆಯಲ್ಲಿ ನಿನ್ನ ಮುಖ ಬರುತ್ತಿತ್ತು, ಕನ್ನಡಿಯಲ್ಲಿ ಕಾಣುವ ಮುಖ ಬರಲೇ ಇಲ್ಲ. ಸಾಮ್ಯದ ಅಪ್ಪ ಕಿರಿಯವನಿಗಾಗಿ ಓಡಿದ್ದು ಎಲ್ಲರಿಗೂ ಗೊತ್ತು. ಅದೇ ಸಂಜೆ ಹಬ್ಬದ ಮನೆಬಿಟ್ಟು ಹೊರಗೆ ಬಂದು, ಮುನಿದು ನಿಂತ ಹಿರಿಯವನನ್ನೂ ಬೇಡಿಕೊಂಡ. ಅವನು ಒಳಗೆ ಹೋದನೋ ಇಲ್ಲವೋ ಯೇಸುಸ್ವಾಮಿ ಹೇಳದೆ ಬಿಟ್ಟಿದ್ದಾರೆ. ಇಷ್ಟು ವರ್ಷ ಪಾಠ ಮಾಡಿದರೂ ಆ ಕೊನೆಯ ಭಾಗವನ್ನು ನಾನು ಮಕ್ಕಳಿಗೆ ಆಡಿಸಿದ್ದೇ ಇಲ್ಲ, ಹೊತ್ತಾಗುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ.

ನೀನು ಬಾ ಎಂದು ಬರೆಯಲು ನನಗೆ ಮುಖವಿಲ್ಲ. ಆದರೂ ಮದುವೆಯ ದಿನ ಸೋದರಮಾವನ ಜಾಗದಲ್ಲಿ ನೀನಿಲ್ಲದಿದ್ದರೆ ವಿಭಾ ಹೇಗೆ ನಗುತ್ತಾಳೆ? ಅಮ್ಮನ ಕೋಣೆ ಗುಡಿಸಿ ಮಂಚಕ್ಕೆ ಹೊಸ ಹಾಸಿಗೆ ಹಾಕಿದ್ದೇನೆ. ಇವತ್ತು ಆರಾಧನೆಯಿಂದ ಬರುವಾಗ ಆಂಜನಮ್ಮ ಸಿಕ್ಕಿದ್ದರು. ಟ್ಯಾಂಕ್ ತೊಳೆದವನು ನನ್ನ ಒಡಹುಟ್ಟಿದವನು ಎಂದು ಹೇಳಿದೆ. ಅವರು ಬಾಯಮೇಲೆ ಕೈಯಿಟ್ಟುಕೊಂಡು, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಭಾವನವರು ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ವಿಭಾ ನಿನ್ನ ಕಂಬಳಿ ತೊಳೆದು ಒಣಗಿಸಿಟ್ಟಿದ್ದಾಳೆ. ಅಮ್ಮನ ದೇವರು ನಿನ್ನನ್ನು ಕಾಯಲಿ, ನೀನು ಮಲಗುವ ಕಡೆ ನಿನಗೆ ನೆಮ್ಮದಿ ಕೊಡಲಿ.

ನಿನ್ನ ಅಕ್ಕ,
ಸುಗುಣ

ತಾ.ಕ. ಸೋಮವಾರ. ಗ್ಯಾರೇಜಿಗೆ ಹೋಗಿದ್ದೆ. ನೀನು ಜ್ವರದಿಂದ ಮಲಗಿದ್ದೀಯ, ಕೆಲಸಕ್ಕೆ ಬರುತ್ತಿಲ್ಲ ಎಂದು ಇನಾಯತ್ ಉಲ್ಲಾ ಸಾಹೇಬರು ಹೇಳಿದರು. ಕಾಗದ ತೆಗೆದುಕೊಳ್ಳಲಿಲ್ಲ, ವಿಳಾಸ ಬರೆದುಕೊಟ್ಟು ನೀವೇ ಹೋಗಿ ಎಂದರು. ಈಗ ನಿನ್ನ ರೂಮಿನ ಮೆಟ್ಟಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಒಳಗೆ ನೀನು ಕೆಮ್ಮುವುದು ಕೇಳಿಸುತ್ತಿದೆ, ಬಾಗಿಲು ತಟ್ಟಲು ಕೈ ಏಳುತ್ತಿಲ್ಲ. ನಿನ್ನ ಮುಂದೆ ಏನು ಹೇಳಬೇಕೆಂದು ಮೆಟ್ರೋದಲ್ಲಿ ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿಕೊಂಡಿದ್ದೇನೆ, ಬಹಳ ಉದ್ದವಿದೆ. ಇದನ್ನು ಬಾಗಿಲ ಕೆಳಗಿನಿಂದ ತಳ್ಳಿ ಇಲ್ಲೇ ನಿಂತಿರುತ್ತೇನೆ. ನೀನು ಬಾಗಿಲು ತೆರೆದ ಕೂಡಲೇ ಶುರುಮಾಡುತ್ತೇನೆ. ದಯವಿಟ್ಟು ನನ್ನನ್ನು ಪೂರ್ತಿ ಹೇಳಲು ಬಿಡಬೇಡ, ಜಯಂತ.